181 ದಿನಗಳಿಗೆ 180 ಗುಳಿಗೆ: ಚಿಂಚ್ವಡದ ಒಂದು ಅರೆತಲೆನೋವಿನ ಪ್ರಕರಣ

ಈ ಪ್ರಕರಣವನ್ನು ಬರೆಯುತ್ತಿರುವ ನಾನು ವೈದ್ಯನಲ್ಲ. ಪುಣೆಯ ಪಕ್ಕದ ಚಿಂಚ್ವಡದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವ ವಿಜಯಪುರ ಜಿಲ್ಲೆಯ ಫಾರ್ಮಸಿಸ್ಟ್. ಇಲ್ಲಿ ಹೇಳುವುದೆಲ್ಲವೂ ನನ್ನ ಅಂಗಡಿಯ ಬಿಲ್ಲುಗಳು, ರೋಗಿಯೇ ಬರೆದಿಟ್ಟ ನೋವಿನ ವಹಿ ಮತ್ತು ಅವರು ನನಗೆ ತೋರಿಸಿದ ವೈದ್ಯರ ಚೀಟಿಗಳನ್ನು ಆಧರಿಸಿದೆ. ರೋಗಿ ಈ ಬರಹವನ್ನು ಓದಿ ಒಪ್ಪಿದ್ದಾರೆ. ಅವರ ಇಚ್ಛೆಯಂತೆ ಹೆಸರನ್ನು ಕೈಬಿಟ್ಟಿದ್ದೇನೆ.

2023ರ ಜೂನ್ ಕೊನೆಯಲ್ಲಿ ಅಂಗಡಿಯ ಅರ್ಧ ವರ್ಷದ ದಾಸ್ತಾನು ತಾಳೆ ನೋಡುತ್ತಿದ್ದಾಗ ತಲೆನೋವಿನ ಒಂದು ಗುಳಿಗೆ ನಾನು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು ಖರ್ಚಾಗಿರುವುದು ಕಂಡಿತು. ಯಾರು ಒಯ್ದಿದ್ದಾರೆಂದು ಕಂಪ್ಯೂಟರಿನಲ್ಲಿ ಹುಡುಕಿದಾಗ ಒಂದೇ ಹೆಸರು ಮತ್ತೆ ಮತ್ತೆ ಬಂದಿತು. ಜನವರಿಯಲ್ಲಿ ಎರಡು ಪಟ್ಟಿ, ಫೆಬ್ರವರಿಯಲ್ಲಿ ಎರಡು, ಕಾರ್ಖಾನೆಗಳು ವರ್ಷದ ಲೆಕ್ಕ ಮುಗಿಸುವ ಮಾರ್ಚಿನಲ್ಲಿ ನಾಲ್ಕು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮೂರು ಮೂರು, ಜೂನಿನಲ್ಲಿ ಮತ್ತೆ ನಾಲ್ಕು. ಹತ್ತು ಗುಳಿಗೆಯ ಹದಿನೆಂಟು ಪಟ್ಟಿಗಳು, ಅಂದರೆ 181 ದಿನಗಳಿಗೆ 180 ಗುಳಿಗೆಗಳು. ಅಷ್ಟನ್ನೂ ಕೊಟ್ಟದ್ದು ನನ್ನ ಅಂಗಡಿಯೇ. ಒಂದೊಂದು ಸಲ ಒಂದು ಪಟ್ಟಿ ಕೊಡುವಾಗ ಅದು ಚಿಕ್ಕ ವ್ಯವಹಾರವಾಗಿ ಕಂಡಿತ್ತು. ಕೂಡಿಸಿ ನೋಡುವ ಕೆಲಸವನ್ನು ನಾನು ಮಾಡಿರಲಿಲ್ಲ.

ಆ ಗುಳಿಗೆಯ ಒಳಗೆ ಏನಿದೆಯೆಂಬುದನ್ನು ಮೊದಲು ಹೇಳಬೇಕು. ಅದರಲ್ಲಿ ಎರ್ಗೊಟಮೈನ್ 1 ಮಿಲಿಗ್ರಾಂ, ಕೆಫೀನ್ 100 ಮಿಲಿಗ್ರಾಂ, ಪ್ಯಾರಾಸಿಟಮಾಲ್ 250 ಮಿಲಿಗ್ರಾಂ ಮತ್ತು ವಾಂತಿ ತಡೆಯುವ ಪ್ರೊಕ್ಲೋರ್‌ಪೆರಜಿನ್ 2.5 ಮಿಲಿಗ್ರಾಂ ಇರುತ್ತವೆ. ಎರ್ಗೊಟಮೈನ್ ರಕ್ತನಾಳಗಳನ್ನು ಬಿಗಿಯಾಗಿ ಸಂಕುಚಿತಗೊಳಿಸುವ ಔಷಧಿ. ಅತಿಯಾದರೆ ಕೈಕಾಲಿನ ಬೆರಳುಗಳಿಗೆ ರಕ್ತ ಸರಿಯಾಗಿ ಹರಿಯದೆ ಅವು ತಣ್ಣಗಾಗಿ ಜೋಮು ಹಿಡಿಯುತ್ತವೆ. ನಮ್ಮ ಔಷಧ ನಿಯಮಗಳ ಎಚ್ ಅನುಸೂಚಿಯಲ್ಲಿ ಇರುವ ಕಾರಣ ಇದನ್ನು ವೈದ್ಯರ ಚೀಟಿಯಿಲ್ಲದೆ ಕೊಡಕೂಡದು. ಇವರ ಬಳಿ ಚೀಟಿಯಿತ್ತು, ಆದರೆ ಅದು 2019ರದು. ನಾಲ್ಕು ವರ್ಷ ಹಳೆಯದಾದ, ಮಡಿಕೆಗಳಲ್ಲಿ ಹರಿದ ಆ ಒಂದೇ ಕಾಗದದ ಮೇಲೆ ನಾನು ಕೊಡುತ್ತ ಬಂದಿದ್ದೆ. ಇದು ನನ್ನ ತಪ್ಪು, ಮತ್ತು ಈ ಬರಹಕ್ಕೆ ಕಾರಣವೂ ಅದೇ.

ಅವರಿಗೆ ಆಗ ಮೂವತ್ತಾರು ವರ್ಷ. ಹುಟ್ಟಿದ್ದು ಇಂಡಿ ತಾಲ್ಲೂಕಿನಲ್ಲಿ, ಮದುವೆಯಾಗಿ ಬಂದದ್ದು ಚಿಂಚ್ವಡಕ್ಕೆ. ಪತಿ, ಒಂಬತ್ತು ವರ್ಷದ ಮಗಳು ಮತ್ತು ಅತ್ತೆಯವರೊಂದಿಗೆ ವಾಸ. ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಹದಿನೈದನೆಯ ವಯಸ್ಸಿನಲ್ಲಿ ಮೊದಲ ಸಲ ತಲೆಯ ಬಲಭಾಗ ಬಡಿದುಕೊಳ್ಳುವಂತೆ ನೋಯತೊಡಗಿತು. ತಾಯಿಗೂ ಅದೇ ನೋವು ಇದ್ದುದರಿಂದ ಮನೆಯಲ್ಲಿ ಯಾರೂ ಬೆರಗಾಗಲಿಲ್ಲ. ಲವಂಗ ತೇಯ್ದು ಹಣೆಗೆ ಹಚ್ಚುವುದು, ಸೀರೆಯ ಅಂಚಿನಿಂದ ತಲೆ ಬಿಗಿಯುವುದು, ಕತ್ತಲೆ ಕೋಣೆಯಲ್ಲಿ ಮಲಗಿಸುವುದು, ಇವೇ ಚಿಕಿತ್ಸೆ. ತಿಂಗಳಿಗೆ ಎರಡು ಮೂರು ಸಲ, ಬಹುತೇಕ ಮುಟ್ಟಿನ ಆಸುಪಾಸು ಬಂದು ಹೋಗುತ್ತಿದ್ದ ನೋವು ಮಗಳು ಹುಟ್ಟಿದ ಎರಡು ವರ್ಷಗಳ ನಂತರ ವಾರಕ್ಕೆ ಎರಡು ಸಲವಾಯಿತು. 2021ರ ಹೊತ್ತಿಗೆ ನೋವಿಲ್ಲದ ದಿನಗಳನ್ನು ಎಣಿಸುವುದು ಸುಲಭವಾಗಿತ್ತು.

ಈ ನಡುವೆ ನೋವಿಗೆ ಬೇರೆ ಬೇರೆ ಹೆಸರುಗಳು ಸಿಕ್ಕಿದ್ದವು. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ತಲೆನೋವಿನ ಜೊತೆಗೆ ವಾಂತಿಯಾದರೆ ಅದನ್ನು ಪಿತ್ತವೆಂದೇ ಕರೆಯುತ್ತೇವೆ. ವಾಂತಿಯಾದ ಮೇಲೆ ಹಲವರಿಗೆ ನೋವು ಇಳಿಯುವುದರಿಂದ ಆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ನಿಜಕ್ಕೂ ವಾಂತಿ ಅರೆತಲೆನೋವಿನ ಲಕ್ಷಣ, ಅದರ ಮೂಲವಲ್ಲ. ಹೀಗೆ ಎರಡು ವರ್ಷ ಅವರು ಬೆಳಿಗ್ಗೆ ಬರಿಹೊಟ್ಟೆಗೆ ಆಮ್ಲ ತಗ್ಗಿಸುವ ಗುಳಿಗೆ ನುಂಗಿದರು. ಮೂಗು ಕಟ್ಟಿ ಕಣ್ಣಲ್ಲಿ ನೀರು ಬರುತ್ತಿದ್ದ ಕಾರಣಕ್ಕೆ ಒಬ್ಬರು ಸೈನಸ್ ಎಂದರು. ಆಂಟಿಬಯೋಟಿಕ್‌ಗಳ ಮೂರು ಸರದಿ ಮುಗಿದವು. ಅರೆತಲೆನೋವಿನಲ್ಲಿಯೂ ಮೂಗು ಕಟ್ಟುತ್ತದೆ, ಕಣ್ಣು ಒದ್ದೆಯಾಗುತ್ತದೆ ಎಂಬುದು ತಿಳಿಯದಿದ್ದರೆ ಈ ತಪ್ಪು ಸಹಜ. ಕನ್ನಡಕದ ನಂಬರು ಎರಡು ಸಲ ಬದಲಾಯಿತು. ಮೆದುಳಿನ ಎಂ.ಆರ್.ಐ. ತೆಗೆಸಿದಾಗ ಏನೂ ಕಾಣಲಿಲ್ಲ. ಅದು ಸಂತೋಷದ ಸಂಗತಿಯಾಗಬೇಕಿತ್ತು. ಆದರೆ ‘ರಿಪೋರ್ಟಿನಲ್ಲಿ ಏನೂ ಇಲ್ಲ’ ಎಂಬ ಮಾತು ಮನೆಯಲ್ಲಿಯೂ ಕಚೇರಿಯಲ್ಲಿಯೂ ‘ರೋಗವೇ ಇಲ್ಲ’ ಎಂಬ ಅರ್ಥ ಪಡೆಯಿತು. ಅಂದಿನಿಂದ ಅವರು ನೋವನ್ನು ಹೇಳುವುದನ್ನೇ ಬಿಟ್ಟರು, ಕಾರ್ಖಾನೆಯ ಶೌಚಾಲಯದಲ್ಲಿ ವಾಂತಿ ಮಾಡಿ ಮುಖ ತೊಳೆದುಕೊಂಡು ಮತ್ತೆ ಕುರ್ಚಿಗೆ ಮರಳುತ್ತಿದ್ದರು. ಪದೇ ಪದೇ ಮುಲಾಮು ಹಚ್ಚಿ ಬಲಗಣತಲೆಯ ಚರ್ಮ ಕಪ್ಪಾಗಿತ್ತು. ಜಡೆ ಹೆಣೆಯಲು ಕೂದಲು ಎಳೆದರೂ ತಾಳಲಾರದಷ್ಟು ನೋವಾಗುತ್ತಿದ್ದುದರಿಂದ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದರು. ಸ್ವಲ್ಪ ತಾಕಿದರೂ ನೋಯುವ ಈ ಸ್ಥಿತಿ ನರಗಳು ಅತಿಯಾಗಿ ಸೂಕ್ಷ್ಮಗೊಂಡಿರುವುದರ ಗುರುತು. ಕೂದಲು ಏಕೆ ಕತ್ತರಿಸಿದರೆಂದು ಕೇಳಿದವರಿಗೆ ಅವರು ಪುಣೆಯ ನೀರಿಗೆ ಉದುರುತ್ತಿದೆ ಎಂದು ಹೇಳುತ್ತಿದ್ದರು.

ಜುಲೈ ಮೊದಲ ವಾರ ಅವರು ಅಂಗಡಿಗೆ ಬಂದಾಗ, “ಕಾಕಾ, ಒಂದ ಪಟ್ಟಿ ಸಾಲೂದಿಲ್ಲ, ಎರಡ ಕೊಡ್ರಿ” ಎಂದರು. ನಾನು ಒಳಗೆ ಕೂರಿಸಿ, “ತಂಗೀ, ತಿಂಗಳಿಗೆ ಎಷ್ಟ ಗುಳಿಗಿ ತಗೋತಿ ಅಂತ ಎಂದಾದ್ರೂ ಎಣಿಸಿಯೇನವಾ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಣಿಸಿದ್ರ ಅಂಜಿಕಿ ಬರ್ತದ್ರಿ” ಎಂದರು. ಬಿಲ್ಲುಗಳ ಲೆಕ್ಕ ತೋರಿಸಿದೆ. ಕಾರ್ಖಾನೆಯ ಹತ್ತಿರದ ಇನ್ನೊಂದು ಅಂಗಡಿಯಿಂದಲೂ ಆಗಾಗ ಕೊಳ್ಳುತ್ತಿರುವುದಾಗಿ, ಇವು ಸಾಲದಾದಾಗ ಮನೆಯಲ್ಲಿನ ಪ್ಯಾರಾಸಿಟಮಾಲ್ ನುಂಗುವುದಾಗಿ ಆಗ ಹೇಳಿದರು. ಬೆರಳುಗಳು ಬೆಳಿಗ್ಗೆ ತಣ್ಣಗಿರುತ್ತವೆ ಎಂಬ ಮಾತನ್ನು ಚಳಿಯ ಮಾತೆಂಬಂತೆ ಸೇರಿಸಿದರು. ಜುಲೈಯಲ್ಲಿ ಪುಣೆಯಲ್ಲಿ ಅಂಥ ಚಳಿಯಿರುವುದಿಲ್ಲ. ಆ ದಿನ ನಾನು ಗುಳಿಗೆ ಕೊಡದೆ ಇರಬೇಕಿತ್ತು. ಅವರ ಮುಖ ನೋಡಿ ಒಂದು ಪಟ್ಟಿ ಕೊಟ್ಟೆ. ಆದರೆ ಅದರ ಜೊತೆಗೆ ಒಂದು ನೂರು ಪುಟದ ವಹಿಯನ್ನೂ ಕೊಟ್ಟೆ, ಮತ್ತು ತಿಂಗಳು ಮುಗಿಯುವ ಮುನ್ನ ನರರೋಗ ತಜ್ಞರ ಭೇಟಿಯ ದಿನ ಗೊತ್ತುಮಾಡಿಸಿದೆ.

ವಹಿಯಲ್ಲಿ ದಿನಕ್ಕೆ ಒಂದು ಸಾಲು: ನೋವು ಇತ್ತೇ, ಹತ್ತರಲ್ಲಿ ಎಷ್ಟು, ವಾಂತಿ ಅಥವಾ ಬೆಳಕಿನ ಕಿರಿಕಿರಿ ಇತ್ತೇ, ಯಾವ ಗುಳಿಗೆ ಎಷ್ಟು, ಊಟ ತಪ್ಪಿತೇ, ನಿದ್ದೆ ಎಷ್ಟು, ಮುಟ್ಟಿನ ದಿನವೇ. ಜುಲೈ ಮುಗಿದಾಗ 31 ದಿನಗಳಲ್ಲಿ 26 ದಿನ ತಲೆನೋವು, ಅವುಗಳಲ್ಲಿ 14 ದಿನ ವಾಂತಿ ಮತ್ತು ಬೆಳಕಿನ ಅಸಹನೆಯೊಡನೆ ಬಂದ ಪೂರ್ಣ ಅರೆತಲೆನೋವು, ಗುಳಿಗೆ ನುಂಗಿದ ದಿನಗಳು 23. ಅಂತರರಾಷ್ಟ್ರೀಯ ತಲೆನೋವು ಸಂಘ 2018ರಲ್ಲಿ ಪ್ರಕಟಿಸಿದ ವರ್ಗೀಕರಣದ ಮೂರನೆಯ ಆವೃತ್ತಿಯಂತೆ, ಮೂರು ತಿಂಗಳಿಗೂ ಹೆಚ್ಚು ಕಾಲ ತಿಂಗಳಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಅರೆತಲೆನೋವಿನ ಲಕ್ಷಣಗಳಿದ್ದರೆ ಅದು ದೀರ್ಘಕಾಲಿಕ ಅರೆತಲೆನೋವು. ಅದೇ ವರ್ಗೀಕರಣ ಇನ್ನೊಂದು ರೋಗವನ್ನೂ ಹೇಳುತ್ತದೆ: ನೋವು ನಿವಾರಕಗಳ ಅತಿಬಳಕೆಯಿಂದ ಉಂಟಾಗುವ ತಲೆನೋವು. ಮೊದಲೇ ತಲೆನೋವಿನ ರೋಗವಿರುವವರು ಪ್ಯಾರಾಸಿಟಮಾಲಿನಂಥ ಸರಳ ಔಷಧಿಯನ್ನು ತಿಂಗಳಿಗೆ 15 ದಿನ, ಎರ್ಗೊಟಮೈನ್, ಅರೆತಲೆನೋವಿಗೆಂದೇ ಇರುವ ಟ್ರಿಪ್ಟಾನ್ ಗುಂಪಿನ ಔಷಧಿಗಳು, ಅಫೀಮು ಜಾತಿಯ ಔಷಧಿಗಳು ಅಥವಾ ಹಲವನ್ನು ಬೆರೆಸಿದ ಗುಳಿಗೆಗಳನ್ನು 10 ದಿನ, ಮೂರು ತಿಂಗಳಿಗೂ ಮೀರಿ ಬಳಸುತ್ತ ಬಂದರೆ ಆ ಮಿತಿ ದಾಟಿದಂತೆ. ಇಲ್ಲಿ ಎಣಿಸಬೇಕಾದದ್ದು ಗುಳಿಗೆಗಳಿಗಿಂತ ಹೆಚ್ಚಾಗಿ ಗುಳಿಗೆ ನುಂಗಿದ ದಿನಗಳನ್ನು. ಹತ್ತು ದಿನದ ಮಿತಿಯ ಔಷಧಿ ಇವರ ಹೊಟ್ಟೆಗೆ 23 ದಿನ ಹೋಗಿತ್ತು.

ತಜ್ಞೆ ಮೊದಲು ಮಾಡಿದ್ದು ಬೇರೆ ಅಪಾಯಗಳನ್ನು ತಳ್ಳಿಹಾಕುವ ಕೆಲಸ. ರಕ್ತದೊತ್ತಡ ನೋಡಿದರು, ತಲೆಬುರುಡೆಯೊಳಗಿನ ಒತ್ತಡ ಏರಿದೆಯೇ ಎಂದು ತಿಳಿಯಲು ಕಣ್ಣಿನ ಹಿಂಭಾಗವನ್ನು ಪರೀಕ್ಷಿಸಿದರು. ನೋವು ಎಂದಾದರೂ ಸಿಡಿಲಿನಂತೆ ಒಮ್ಮೆಲೇ ಬಡಿದಿತ್ತೇ, ಜ್ವರವಿತ್ತೇ, ಕೈಕಾಲು ಸೋತಿದ್ದವೇ ಎಂದು ಕೇಳಿದರು. ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಬೆಳಕು ಕಾಣುತ್ತದೆಯೇ ಎಂಬ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದಿತು. ಇದು ಸಣ್ಣ ಪ್ರಶ್ನೆಯಲ್ಲ: ಹಾಗೆ ಕಾಣುವ ಮಹಿಳೆಯರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆಗಳು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತವೆ, ಮತ್ತು ಅಂಗಡಿಯಲ್ಲಿ ಅವುಗಳನ್ನು ಕೊಳ್ಳುವವರನ್ನು ನಾವು ಎಂದೂ ಕೇಳಿರುವುದಿಲ್ಲ. ಆಮೇಲೆ ಅವರು ವಹಿಯನ್ನು ಮೊದಲಿಂದ ಕೊನೆಯವರೆಗೆ ಓದಿ, ನೋವು ನಿಜವೆಂದೂ ಅದರ ಹೆಸರು ಇದೆಂದೂ ಹೇಳಿದರು. ಆ ಮಾತು ಕೇಳಿ ಪತ್ನಿ ಅಲ್ಲಿಯೇ ಅತ್ತರೆಂದು ಪತಿ ನನಗೆ ತಿಳಿಸಿದರು.

ಗುಳಿಗೆಯೇ ನೋವನ್ನು ಪೋಷಿಸುತ್ತದೆ ಎಂಬುದನ್ನು ಒಪ್ಪುವುದು ಯಾವ ರೋಗಿಗೂ ಕಷ್ಟ, ಏಕೆಂದರೆ ನುಂಗಿದ ಒಂದು ಗಂಟೆಗೆ ನೋವು ಇಳಿಯುವುದನ್ನು ಅವರೇ ಕಂಡಿರುತ್ತಾರೆ. ನಡೆಯುವುದು ಹೀಗೆ. ಅರೆತಲೆನೋವಿನವರ ಮೆದುಳಿನಲ್ಲಿ ಮುಖ ಮತ್ತು ತಲೆಯ ಸಂವೇದನೆ ಒಯ್ಯುವ ನರಜಾಲ ಸುಲಭವಾಗಿ ಕೆರಳುತ್ತದೆ, ಕೆರಳಿದಾಗ ಸಿ.ಜಿ.ಆರ್.ಪಿ. ಎಂಬ ಪದಾರ್ಥ ಬಿಡುಗಡೆಯಾಗಿ ನೋವಿನ ಸಂಕೇತ ಬಲಗೊಳ್ಳುತ್ತದೆ. ನೋವು ನಿವಾರಕ ಪದೇ ಪದೇ ಒಳಹೋಗುತ್ತಿದ್ದರೆ ಈ ವ್ಯವಸ್ಥೆ ತಣಿಯುವ ಬದಲು ಇನ್ನಷ್ಟು ಸೂಕ್ಷ್ಮವಾಗುತ್ತ ಹೋಗುತ್ತದೆ. ಔಷಧಿಯ ಪ್ರಭಾವ ಇಳಿದಾಗ ನೋವು ಮರಳುತ್ತದೆ, ಮರಳಿದ ನೋವಿಗೆ ಮತ್ತೆ ಗುಳಿಗೆ ಬೇಕಾಗುತ್ತದೆ. ಈ ಗುಳಿಗೆಯಲ್ಲಿದ್ದ ಕೆಫೀನ್ ಬೇರೆ ಒಂದು ತೊಡಕು. ದಿನಕ್ಕೆ ಐದು ಕಪ್ ಚಹಾದ ಮೇಲೆ ಅದೂ ಸೇರಿ, ಭಾನುವಾರ ತಡವಾಗಿ ಎದ್ದು ಚಹಾ ತಡವಾದರೆ ಸಾಕು, ತಲೆ ಹಿಡಿದುಕೊಳ್ಳುತ್ತಿತ್ತು.

ಗುಳಿಗೆಯನ್ನು ಆಗಸ್ಟ್ 12ರ ಶನಿವಾರದಿಂದ ಒಮ್ಮೆಲೇ ನಿಲ್ಲಿಸುವುದೆಂದು ತೀರ್ಮಾನವಾಯಿತು. ಸ್ವಾತಂತ್ರ್ಯ ದಿನದ ರಜೆಗೆ ಹೊಂದಿಸಿ ಅವರು ಒಂದು ವಾರ ರಜೆ ಹಾಕಿದರು. ಕೈಚೀಲ, ಕಚೇರಿಯ ಖಾನೆ, ದೇವರ ಗೂಡಿನ ಹಿಂದಿನ ಡಬ್ಬಿ ಎಲ್ಲ ಹುಡುಕಿ ಉಳಿದಿದ್ದ ಗುಳಿಗೆಗಳನ್ನು ಪತಿ ನನ್ನ ಅಂಗಡಿಗೆ ತಂದು ಕೊಟ್ಟರು. ಹತ್ತು ದಿನಗಳಿಗೆ ಮಾತ್ರ ಸೀಮಿತವಾಗಿ ದಿನಕ್ಕೆ ಎರಡು ಹೊತ್ತು ನಾಪ್ರೊಕ್ಸೆನ್ ಎಂಬ ಬೇರೊಂದು ನೋವು ನಿವಾರಕ, ಹೊಟ್ಟೆಯ ರಕ್ಷಣೆಗೆ ಒಂದು ಗುಳಿಗೆ, ವಾಂತಿಗೆ ಡೊಂಪೆರಿಡೋನ್, ಮತ್ತು ಮುಂದೆ ನೋವು ಬರದಂತೆ ತಡೆಯಲು ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದಿದ್ದರು. ಅಫೀಮು ಜಾತಿಯ ಔಷಧಿ ಅಥವಾ ನಿದ್ರಾಜನಕಗಳಿಗೆ ಒಗ್ಗಿದವರು ಹೀಗೆ ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಅವರನ್ನು ವೈದ್ಯರ ಕಣ್ಣಳತೆಯಲ್ಲಿ ನಿಧಾನವಾಗಿ ಇಳಿಸಬೇಕಾಗುತ್ತದೆ.

ಮೊದಲ ನಾಲ್ಕು ದಿನಗಳ ಸಾಲುಗಳಲ್ಲಿ ಅಂಕಿ ಹತ್ತಕ್ಕೆ ಹತ್ತು, ಅಕ್ಷರಗಳು ಪತಿಯವು. ಎರಡನೆಯ ರಾತ್ರಿ ನಿದ್ದೆಯಿಲ್ಲ, ಕೈ ನಡುಕ, ಆರು ಸಲ ವಾಂತಿ. ಮೂರನೆಯ ದಿನ ಒಂದೇ ಒಂದು ಗುಳಿಗೆ ಕೊಡಿರೆಂದು ನನಗೆ ಫೋನ್ ಮಾಡಿಸಿದರು. ಕೊಡಲಿಲ್ಲ, ತಜ್ಞೆಗೆ ಫೋನ್ ಮಾಡಿ, ಅವರು ಹೇಳಿದಂತೆ ವಾಂತಿಯ ಚುಚ್ಚುಮದ್ದು ಮತ್ತು ಸಲೈನ್ ಕೊಡಿಸಲು ಹತ್ತಿರದ ದವಾಖಾನೆಗೆ ಕಳಿಸಿದೆ. ಇಷ್ಟು ವರ್ಷ ಕೇಳಿದಾಗಲೆಲ್ಲ ಕೊಟ್ಟ ಕೈ ಅಂದು ಕೊಡದೆ ಇದ್ದದ್ದು ನನಗೆ ಬಹಳ ಭಾರವೆನಿಸಿತು. ಒಂಬತ್ತನೆಯ ದಿನ, ಆಗಸ್ಟ್ 20ರಂದು, ವಹಿಯಲ್ಲಿ ಅವರದೇ ಅಕ್ಷರದಲ್ಲಿ ‘ನೋವು 3, ಬೆಳಿಗ್ಗೆ ಭಕ್ಕರಿ ಉಂಡೆ’ ಎಂದಿದೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಅತಿಬಳಕೆ ನಿಂತರೂ ಮೂಲದ ಅರೆತಲೆನೋವು ಇದ್ದೇ ಇರುತ್ತದೆ. ಅದಕ್ಕೆ ತಡೆ ಔಷಧಿ, ಅಂದರೆ ನೋವು ಬರುವುದನ್ನೇ ಕಡಿಮೆ ಮಾಡುವ ಔಷಧಿ, ಬೇಕು. ಸೆಪ್ಟೆಂಬರ್ 19ಕ್ಕೆ ಗಣೇಶ ಚತುರ್ಥಿ ಬಂದಿತು. ಅದಕ್ಕೂ ವಾರಗಳ ಮುಂಚಿನಿಂದ ಸಂಜೆಯ ಹೊತ್ತು ಢೋಲ್-ತಾಶಾ ಪಥಕಗಳ ತಾಲೀಮು, ಆಮೇಲೆ ಅನಂತ ಚತುರ್ದಶಿಯವರೆಗೆ ಧ್ವನಿವರ್ಧಕಗಳು. ಗಣಪತಿಯ ಮೇಲೆ ಅಪಾರ ಭಕ್ತಿಯಿರುವ ಈ ಹೆಣ್ಣುಮಗಳು ಕಿವಿಗೆ ಹತ್ತಿ ಇಟ್ಟುಕೊಂಡು ಆರತಿಗೆ ನಿಲ್ಲುತ್ತಿದ್ದರು. ಆ ತಿಂಗಳು 17 ದಿನ ನೋವು. ಅಮಿಟ್ರಿಪ್ಟಿಲಿನನ್ನು 25ಕ್ಕೆ ಏರಿಸಿದಾಗ ನಿದ್ದೆ ಬಂದಿತು, ಆದರೆ ಬಾಯಿ ಒಣಗುವುದು, ಬೆಳಗಿನ ಜಡತೆ ಮತ್ತು ನವೆಂಬರಿನ ಹೊತ್ತಿಗೆ ನಾಲ್ಕು ಕಿಲೋ ತೂಕ ಜೊತೆಗೆ ಬಂದವು. ನೋವಿನ ದಿನಗಳು ಹದಿನಾರರ ಕೆಳಗೆ ಇಳಿಯಲಿಲ್ಲ.

ತಡೆ ಔಷಧಿಗಳ ವಿಷಯದಲ್ಲಿ ನಾನು ಅಂಗಡಿಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪೊಂದಿದೆ. ಅವು ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ಸರಿಯಾದ ಪ್ರಮಾಣ ತಲುಪಿದ ಮೇಲೆ ಎರಡು ಮೂರು ತಿಂಗಳು ನೋಡಿಯೇ ಫಲವಿದೆಯೋ ಇಲ್ಲವೋ ನಿರ್ಧರಿಸಬೇಕು. ಇವರು 2020ರಲ್ಲಿ ಫ್ಲುನರಿಜಿನ್ ಅನ್ನು ಮೂರೇ ವಾರಕ್ಕೆ ಬಿಟ್ಟು, ‘ಅದು ನನಗೆ ನಾಟಲಿಲ್ಲ’ ಎಂದು ಎಲ್ಲ ವೈದ್ಯರಿಗೂ ಹೇಳುತ್ತ ಬಂದಿದ್ದರು. ಪ್ರೊಪ್ರನೊಲಾಲ್ ಹಳೆಯ, ಅಗ್ಗದ, ಒಳ್ಳೆಯ ಔಷಧಿ, ಆದರೆ ಚಿಕ್ಕಂದಿನ ಆಸ್ತಮಾದ ಕಾರಣ ಇವರಿಗೆ ಕೊಡುವಂತಿರಲಿಲ್ಲ. ಡಿಸೆಂಬರಿನಲ್ಲಿ ಟೊಪಿರಮೇಟ್ ಆರಂಭಿಸಿ ನಿಧಾನವಾಗಿ 75 ಮಿಲಿಗ್ರಾಂವರೆಗೆ ಏರಿಸಿದರು. ಗರ್ಭದಲ್ಲಿನ ಮಗುವಿಗೆ ಅದು ಹಾನಿ ಮಾಡಬಲ್ಲದಾದ್ದರಿಂದ ಆ ಬಗ್ಗೆ ದಂಪತಿಗಳೊಂದಿಗೆ ಮೊದಲೇ ಮಾತನಾಡಿದ್ದರು. ಮೂತ್ರಪಿಂಡದ ಕಲ್ಲು ಆಗದಂತೆ ನೀರು ಹೆಚ್ಚು ಕುಡಿಯಲು ಹೇಳಿದ್ದರು. ನೋವು ತಿಂಗಳಿಗೆ 13 ದಿನಗಳಿಗೆ ಇಳಿಯಿತು. ಆದರೆ ಬೆರಳ ತುದಿಗಳಲ್ಲಿ ಜುಮುಜುಮು ಆರಂಭವಾಯಿತು, ಮಾತಿನ ನಡುವೆ ಪದಗಳು ಕೈಕೊಡತೊಡಗಿದವು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಕಡತದಲ್ಲಿ ಇಂಗ್ಲಿಷ್ ಬಳಸುವ ಅವರಿಗೆ ಮಾರ್ಚಿನ ಒಂದು ಸಭೆಯಲ್ಲಿ ಸವಕಳಿ ಎಂಬ ಪದ ಮೂರೂ ಭಾಷೆಗಳಲ್ಲಿ ಹೊಳೆಯದೆ ನಿಂತುಬಿಟ್ಟರು. ನೋವಿಗಿಂತ ಅದೇ ಹೆಚ್ಚು ಹೆದರಿಸಿತೆಂದು ಹೇಳಿದರು. ಪ್ರಮಾಣವನ್ನು 50ಕ್ಕೆ ಇಳಿಸಿದ ಮೇಲೆ ಪದಗಳು ಮರಳಿದವು.

ಈ ಹೊತ್ತಿಗೆ ವಹಿಯಲ್ಲಿ ಹತ್ತು ತಿಂಗಳು ತುಂಬಿದ್ದವು. ಹಲವು ವರ್ಷಗಳಿಂದ ಅವರು ಮೊಸರು, ಬಾಳೆಹಣ್ಣು, ಶೇಂಗಾ ಬಿಟ್ಟಿದ್ದರು. ವಹಿಯಲ್ಲಿ ಇವಕ್ಕೂ ನೋವಿಗೂ ನಂಟು ಕಾಣಲಿಲ್ಲ. ನೋವಿನ ಹಿಂದಿನ ದಿನ ಸಿಹಿ ತಿನ್ನಬೇಕೆನಿಸುವುದು, ಸುಮ್ಮಸುಮ್ಮನೆ ಆಕಳಿಸುವುದು, ಕುತ್ತಿಗೆ ಬಿಗಿಯುವುದು ಕಂಡಿತು. ಇವು ದಾಳಿ ಆಗಲೇ ಆರಂಭವಾಗಿರುವುದರ ಸೂಚನೆಗಳು, ತಿಂದ ಸಿಹಿ ಅದಕ್ಕೆ ಕಾರಣವಲ್ಲ. ನಿಜವಾಗಿ ಎದ್ದು ಕಂಡದ್ದು ಸಂಕಷ್ಟಿ. ಚಿಂಚ್ವಡದಲ್ಲಿ ಪವನಾ ನದಿಯ ದಡದ, ಗಣೇಶಭಕ್ತ ಸಂತ ಮೋರಯಾ ಗೋಸಾವಿಯವರ ಸಮಾಧಿ ಮಂದಿರಕ್ಕೆ ಪ್ರತಿ ಸಂಕಷ್ಟಿಗೂ ಜನ ಹರಿದುಬರುತ್ತಾರೆ. ಇವರೂ ಮದುವೆಯಾದಾಗಿನಿಂದ ಚಂದ್ರೋದಯದವರೆಗೆ ನೀರಲ್ಲದೆ ಬೇರೇನೂ ಮುಟ್ಟದೆ ಉಪವಾಸವಿರುತ್ತಿದ್ದರು. ಹತ್ತು ಸಂಕಷ್ಟಿಗಳಲ್ಲಿ ಎಂಟರಲ್ಲಿ ಅಂದು ರಾತ್ರಿಯೋ ಮರುದಿನವೋ ನೋವು ಬಂದಿತ್ತು. ತಜ್ಞೆ ಉಪವಾಸ ಬಿಡಿ ಎನ್ನಲಿಲ್ಲ, ಹಸಿದಿರಬೇಡಿ ಎಂದರು. ಅತ್ತೆಯವರೇ ಮಧ್ಯಾಹ್ನ ಸಾಬೂದಾಣಿ ಖಿಚಡಿಗೆ ಶೇಂಗಾಪುಡಿ ಹಾಕಿ ಡಬ್ಬಿ ಕಟ್ಟಿ ಕೊಡತೊಡಗಿದರು. ನೋವನ್ನು ನೆವವೆಂದು ಬಗೆದಿದ್ದವರು ವಹಿಯನ್ನು ಮೊಮ್ಮಗಳಿಂದ ಓದಿಸಿಕೊಂಡ ಮೇಲೆ ಬದಲಾದರು.

2024ರ ಜೂನಿನಲ್ಲಿ ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದು ಆರಂಭವಾಯಿತು. ದೀರ್ಘಕಾಲಿಕ ಅರೆತಲೆನೋವಿಗೆ ಅಮೆರಿಕದ ಔಷಧ ನಿಯಂತ್ರಕರು ಇದನ್ನು ಒಪ್ಪಿದ್ದು 2010ರಲ್ಲಿ. ಹಣೆ, ಕಣತಲೆ, ತಲೆಯ ಹಿಂಭಾಗ, ಕುತ್ತಿಗೆ ಮತ್ತು ಭುಜದ ಮೇಲ್ಭಾಗದಲ್ಲಿ ಒಟ್ಟು 31 ಕಡೆ, 155 ಯೂನಿಟ್, 12 ವಾರಗಳಿಗೊಮ್ಮೆ. ನರತುದಿಗಳಿಂದ ನೋವಿನ ಪದಾರ್ಥಗಳು ಬಿಡುಗಡೆಯಾಗುವುದನ್ನು ಅದು ತಡೆಯುತ್ತದೆ. ಸಿ.ಜಿ.ಆರ್.ಪಿ.ಯನ್ನೇ ಗುರಿಯಾಗಿಸುವ, 2018ರಿಂದ ಬಳಕೆಗೆ ಬಂದ ತಿಂಗಳ ಚುಚ್ಚುಮದ್ದುಗಳ ವಿಚಾರವನ್ನೂ ತಜ್ಞೆ ತಿಳಿಸಿದ್ದರು; ಪ್ರತಿ ತಿಂಗಳ ಖರ್ಚನ್ನು ಮನೆಯವರು ಹೊರುವಂತಿರಲಿಲ್ಲ. ಬೊಟುಲಿನಂ ಚುಚ್ಚುಮದ್ದಿನ ಒಂದೊಂದು ಸುತ್ತಿಗೂ ಹತ್ತಾರು ಸಾವಿರ ರೂಪಾಯಿ ಬೇಕು, ವಿಮೆಯಿಂದ ಏನೂ ಸಿಗಲಿಲ್ಲ. ಮೊದಲ ಸುತ್ತಿನ ನಂತರ ಎರಡು ವಾರ ಕುತ್ತಿಗೆ ನೋವು, ಬಲಗಣ್ಣಿನ ರೆಪ್ಪೆ ಸ್ವಲ್ಪ ಇಳಿದದ್ದು, ನೋವಿನ ದಿನಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ನಿಲ್ಲಿಸಬೇಕೆಂದಿದ್ದವರನ್ನು ಎರಡನೆಯ ಸುತ್ತನ್ನಾದರೂ ನೋಡಿರೆಂದು ತಜ್ಞೆ ಒಪ್ಪಿಸಿದರು. ಸೆಪ್ಟೆಂಬರ್ ಸುತ್ತಿನ ನಂತರ ನೋವು ತಿಂಗಳಿಗೆ 10 ದಿನ, ಡಿಸೆಂಬರ್ ಸುತ್ತಿನ ನಂತರ 2025ರ ಜನವರಿಯಲ್ಲಿ 8 ದಿನ. ನೋವು ಬಂದ ಕೂಡಲೇ, ಅದು ಬಲಿಯುವ ಮುನ್ನ, 10 ಮಿಲಿಗ್ರಾಂ ರಿಜಾಟ್ರಿಪ್ಟಾನ್ ಎಂಬ ಟ್ರಿಪ್ಟಾನ್ ಗುಳಿಗೆ ನುಂಗಬೇಕು. ವಾರಕ್ಕೆ ಎರಡು ದಿನ ಮೀರುವಂತಿಲ್ಲ. ಇದನ್ನು ಎರ್ಗೊಟಮೈನಿನೊಂದಿಗೆ 24 ಗಂಟೆಗಳ ಒಳಗೆ ಬೆರೆಸುವುದು ರಕ್ತನಾಳಗಳಿಗೆ ಅಪಾಯ, ಹಳೆಯ ಗುಳಿಗೆಗಳನ್ನು ಮನೆಯಿಂದ ಪೂರ್ತಿ ತೆಗೆಸಿದ್ದಕ್ಕೆ ಅದೂ ಒಂದು ಕಾರಣ.

ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 18ರಿಂದ 65 ವರ್ಷದವರಲ್ಲಿ ಒಂದು ವರ್ಷದ ಅವಧಿಯಲ್ಲಿ ಅರೆತಲೆನೋವು ಕಂಡವರು ಶೇಕಡಾ 25.2. ನಾಲ್ವರಲ್ಲಿ ಒಬ್ಬರು. ಅವರಲ್ಲಿ ಹೆಚ್ಚಿನವರು ನರರೋಗ ತಜ್ಞರನ್ನು ಕಾಣುವ ಬಹಳ ಮೊದಲೇ ನನ್ನಂಥವನ ಕೌಂಟರಿನ ಮುಂದೆ ನಿಲ್ಲುತ್ತಾರೆ. ಈಗ ನನ್ನ ಅಂಗಡಿಯಲ್ಲಿ ತಲೆನೋವಿನ ಗುಳಿಗೆಯ ಪ್ರತಿ ಬಿಲ್ಲಿಗೂ ಆ ವ್ಯಕ್ತಿಯ ಹಿಂದಿನ ಮೂವತ್ತು ದಿನಗಳ ಲೆಕ್ಕ ಪರದೆಯ ಮೇಲೆ ಬರುವಂತೆ ಮಾಡಿಸಿದ್ದೇನೆ. ಹಳೆಯ ಚೀಟಿಗೆ ಎರ್ಗೊಟಮೈನ್ ಕೊಡುವುದಿಲ್ಲ. ಕೆಲವರು ಬೈದು ಮುಂದಿನ ಅಂಗಡಿಗೆ ಹೋಗುತ್ತಾರೆ, ಅವರ ಲೆಕ್ಕ ನನಗೆ ಸಿಗುವುದಿಲ್ಲ. ಆರು ಮಂದಿ ಮಾತ್ರ ವಹಿ ಬರೆಯಲು ಒಪ್ಪಿದ್ದಾರೆ.

ಇವರ ನಾಲ್ಕನೆಯ ಸುತ್ತು 2025ರ ಮಾರ್ಚಿನಲ್ಲಿ ಆಗಬೇಕಿತ್ತು. ಮಗಳ ಶಾಲೆಯ ಶುಲ್ಕವೂ ಅದೇ ತಿಂಗಳು ಇದ್ದುದರಿಂದ ಮೂರು ವಾರ ಮುಂದೂಡಿದರು. ಆ ಮೂರು ವಾರಗಳಲ್ಲಿ ಒಂಬತ್ತು ದಿನ ನೋವು ಬಂದಿತು, ರಿಜಾಟ್ರಿಪ್ಟಾನ್ ನುಂಗಿದ್ದು ಐದು ದಿನ. ಏಪ್ರಿಲಿನಲ್ಲಿ ಚುಚ್ಚುಮದ್ದು ಹಾಕಿಸಿಕೊಂಡು ಬರುವಾಗ ಅಂಗಡಿಗೆ ಬಂದು ವಹಿ ತೋರಿಸಿದರು. ನೂರು ಪುಟ ತುಂಬಲು ಇನ್ನೂ ಬಹಳವಿದೆ. ಕೂದಲು ಭುಜ ದಾಟಿತ್ತು.